ಒಂದು ದಮ್ಮಡಿಯ ಕಥೆ

ನಮ್ಮ ಅಜ್ಜಿಗೆ ಸಿಟ್ಟು ಬಂದರೆ ಅವಳ ಬಾಯಲ್ಲಿ ಮೊದಲು ಬರುತ್ತಿದ್ದ ಮಾತು ‘ದಮ್ಮಡಿ’. ಕೆಲಸಕ್ಕೆ ಹೋಗದ ಅಳಿಯ ‘ದಮ್ಮಡಿಗೆ ಪ್ರಯೋಜನವಿಲ್ಲದವನು’. ಸಂತೆಯ ಬಾಡಿದ ಬದನೆಕಾಯಿ ‘ದಮ್ಮಡಿ ಬಾಳದ್ದು’. ಸಾಲ ಕೇಳಲು ಬಂದವರಿಗೆ ‘ನನ್ನ ಹತ್ತಿರ ಒಂದು ದಮ್ಮಡಿಯೂ ಇಲ್ಲ, ಬೇಕಾದರೆ ಸೆರಗಿನ ಗಂಟು ಬಿಚ್ಚಿ ನೋಡು’. ಸಿಟ್ಟು ಇನ್ನೂ ಏರಿದರೆ ಅವಳು ಕನ್ನಡ ಬಿಟ್ಟು ತೆಲುಗಿಗೆ ಹೊರಳುತ್ತಿದ್ದಳು. ‘ದಮ್ಮಿಡಿಕಿ ಕೊರಗಾಡು’ ಎಂದುಬಿಟ್ಟರೆ ಆ ಮನುಷ್ಯನ ಲೆಕ್ಕ ಅಲ್ಲಿಗೆ ಚುಕ್ತಾ ಆದಂತೆ.

ಅಜ್ಜಿಯ ಊರು ಮಾಲೂರು, ಹೆಂಚು ಇಟ್ಟಿಗೆಗಳ ಊರು. ತಾತ ತೀರಿಕೊಂಡ ಮೇಲೆ ಅವಳು ಹೆಂಚಿನ ಕಾರ್ಖಾನೆಗೆ ಜೇಡಿಮಣ್ಣು ಹೊತ್ತು, ಅದರ ಕೂಲಿಯಲ್ಲೇ ನಮ್ಮ ತಾಯಿಯನ್ನೂ ಚಿಕ್ಕಮ್ಮನನ್ನೂ ಸಾಕಿದವಳು. ಅವಳ ಟ್ರಂಕಿನ ತಳದಲ್ಲಿ ಒಂದು ತಗಡಿನ ಡಬ್ಬಿ ಇತ್ತು. ಅದರೊಳಗೆ ಚಲಾವಣೆ ನಿಂತುಹೋದ ಹತ್ತಾರು ಬಿಲ್ಲೆಗಳು. ಅವುಗಳಲ್ಲಿ ಐದನೆಯ ಜಾರ್ಜ್ ದೊರೆಯ ತಲೆಯಿದ್ದ, ನನ್ನ ಕಿರುಬೆರಳಿನ ತುದಿಯಷ್ಟೇ ಅಗಲದ ಒಂದು ಕಂಚಿನ ಕಾಸನ್ನು ತೋರಿಸಿ ‘ಇದೇ ಕಣೇ ದಮ್ಮಡಿ’ ಎನ್ನುತ್ತಿದ್ದಳು.

ಈಗಿನ ಮಕ್ಕಳಿಗೆ ಆ ಲೆಕ್ಕವನ್ನು ಬಿಡಿಸಿ ಹೇಳಬೇಕಾಗುತ್ತದೆ. ಒಂದು ರೂಪಾಯಿಗೆ 16 ಆಣೆ. ಒಂದು ಆಣೆಗೆ 12 ಪೈ. ಪುಸ್ತಕದವರು ಪೈ ಎಂದದ್ದನ್ನು ಅಜ್ಜಿ ದಮ್ಮಡಿ ಎನ್ನುತ್ತಿದ್ದಳು. ಎಂದರೆ ಅವಳ ಲೆಕ್ಕದಲ್ಲಿ ರೂಪಾಯಿಗೆ 192 ದಮ್ಮಡಿ. ಪೈ ನಾಣ್ಯವನ್ನು ಅಚ್ಚು ಹಾಕುವುದು 1942ರಲ್ಲೇ ನಿಂತಿತು. 1957ರ ಏಪ್ರಿಲ್ 1ರಂದು ರೂಪಾಯಿಗೆ ನೂರು ನಯಾ ಪೈಸೆ ಎಂಬ ಹೊಸ ಲೆಕ್ಕ ಬಂತು. ನಾನು ಹುಟ್ಟುವ ವೇಳೆಗೆ ದಮ್ಮಡಿ ಎಂಬ ನಾಣ್ಯ ಎಲ್ಲಿಯೂ ಇರಲಿಲ್ಲ. ಹೆಸರು ಮಾತ್ರ ಬೈಗುಳದಲ್ಲಿ, ಚೌಕಾಸಿಯಲ್ಲಿ, ಬಡತನ ಹೇಳಿಕೊಳ್ಳುವ ಮಾತಿನಲ್ಲಿ ಉಳಿದಿತ್ತು.

ನಮ್ಮ ಸೀಮೆಯ ಮಾತಿನ ಬಗೆ ಹೊರಗಿನವರಿಗೆ ಬೇಗ ತಿಳಿಯುವುದಿಲ್ಲ. ಮುಳಬಾಗಿಲು ಎಂದರೆ ಮೂಡಲ ಬಾಗಿಲು. ಹೆಸರೇ ಹೇಳುವಂತೆ ಅದು ಪೂರ್ವದ ಬಾಗಿಲು. ಬಾಗಿಲೆಂದ ಮೇಲೆ ಜನ ಒಳಗೂ ಬರುತ್ತಾರೆ, ಹೊರಗೂ ಹೋಗುತ್ತಾರೆ. ಕೋಲಾರಮ್ಮನ ಗುಡಿಯ ಗೋಡೆಯ ಮೇಲೆ ಚೋಳರ ಕಾಲದ ತಮಿಳು ಶಾಸನಗಳಿವೆ. ಬಿ. ಎಲ್. ರೈಸ್ ಅವರು 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಹತ್ತನೆಯ ಸಂಪುಟ ಪೂರ್ತಿ ನಮ್ಮ ಜಿಲ್ಲೆಯ ಶಾಸನಗಳಿಗೇ ಮೀಸಲು. ಮಾಲೂರು ತಾಲ್ಲೂಕಿನ ಮಾಸ್ತಿಯ ವೆಂಕಟೇಶ ಅಯ್ಯಂಗಾರ್ಯರ ಮನೆಮಾತು ತಮಿಳು. ಅವರು ಕನ್ನಡದ ಆಸ್ತಿಯಾದರು. ಶ್ರೀನಿವಾಸಪುರದ ಸಂತೆಯಲ್ಲಿ ಒಬ್ಬಳೇ ಹೆಂಗಸು ತಕ್ಕಡಿಯವನೊಡನೆ ತೆಲುಗಿನಲ್ಲಿ ಜಗಳವಾಡಿ, ಮಗುವನ್ನು ಕನ್ನಡದಲ್ಲಿ ಗದರಿಸಿ, ಬಳೆಗಾರರ ಹತ್ತಿರ ಉರ್ದುವಿನಲ್ಲಿ ಚೌಕಾಸಿ ಮಾಡುವುದನ್ನು ನಾನೇ ಎಷ್ಟೋ ಸಲ ಕಂಡಿದ್ದೇನೆ. ಇದನ್ನು ಬೆರಕೆ ಎನ್ನುವವರೂ ಇದ್ದಾರೆ. ಮೇಡಂ ಆಗಿ ಹೊಸದಾಗಿ ಸೇರಿದ್ದಾಗ ನಾನೂ ಹಾಗೆಯೇ ಎಂದುಕೊಂಡಿದ್ದೆ.

ಬಿ.ಎ., ಬಿ.ಎಡ್. ಮುಗಿಸಿ ಮೊದಲು ಮುಳಬಾಗಿಲು ಕಡೆ, ಆಮೇಲೆ ಶ್ರೀನಿವಾಸಪುರದ ಕಡೆ ಪ್ರೌಢಶಾಲೆಗಳಲ್ಲಿ ಕನ್ನಡ, ಸಮಾಜ ಎರಡನ್ನೂ ಕಲಿಸಿದವಳು ನಾನು. ಆ ದಿನಗಳಲ್ಲಿ ನನ್ನ ಕೈಯಲ್ಲಿ ಕೆಂಪು ಶಾಯಿಯ ಪೆನ್ನು ತುಂಬ ಚುರುಕಾಗಿ ಓಡುತ್ತಿತ್ತು. 1996ರಲ್ಲಿ ಒಂಬತ್ತನೆಯ ತರಗತಿಗೆ ‘ನಮ್ಮ ಮನೆಯ ಆದಾಯ ವೆಚ್ಚ’ ಎಂಬ ಪ್ರಬಂಧ ಕೊಟ್ಟಿದ್ದೆ. ಹೆಚ್ಚಿನ ಮಕ್ಕಳು ‘ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು’ ಎಂದು ಶುರುಮಾಡಿ ಅದರಲ್ಲೇ ಮುಗಿಸಿದ್ದರು. ಒಬ್ಬ ಹುಡುಗಿ ಮಾತ್ರ ಅವರ ಮಾವಿನ ತೋಟದ ಕಥೆ ಬರೆದಿದ್ದಳು. ಹೂವು ಕಚ್ಚುವ ಹೊತ್ತಿಗೆ ಔಷಧಿಗೆ ಎಷ್ಟು ಸಾಲ, ಕಾವಲಿಗೆ ಎಷ್ಟು, ಲಾರಿಗೆ ಎಷ್ಟು, ಮಂಡಿಯವರು ಹಿಡಿದುಕೊಳ್ಳುವುದು ಎಷ್ಟು ಎಂದು ವಿವರವಾಗಿ ಬರೆದು, ಕೊನೆಗೆ ‘ಆಲಿಕಲ್ಲು ಮಳೆ ಬಿದ್ದರೆ ನಮ್ಮಪ್ಪನ ಕೈಗೆ ಒಂದು ದಮ್ಮಡಿಯೂ ಬರುವುದಿಲ್ಲ’ ಎಂದು ಮುಗಿಸಿದ್ದಳು.

ನಾನು ‘ದಮ್ಮಡಿ’ಗೆ ಸುತ್ತು ಹಾಕಿದೆ. ಪಕ್ಕದಲ್ಲಿ ‘ಗ್ರಾಮ್ಯ. ತೆಲುಗು ಮಾತು. ಬಿಡಿಗಾಸು ಎಂದು ಬರೆಯಬೇಕು’ ಎಂದು ಬರೆದೆ. ಅರ್ಧ ಅಂಕ ಕಳೆದೆ. ತರಗತಿಯಲ್ಲಿ ಆ ವಾಕ್ಯವನ್ನು ಗಟ್ಟಿಯಾಗಿ ಓದಿದಾಗ ಮಕ್ಕಳೆಲ್ಲ ನಕ್ಕರು. ನಾನೂ ನಕ್ಕೆ ಎಂದು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ. ನಮ್ಮ ಅಜ್ಜಿಯ ಮಾತನ್ನೇ ಕೇಳಿ ಬೆಳೆದವಳು ನಾನು. ಆದರೆ ಬಿ.ಎಡ್. ಮುಗಿಸಿ ಬಂದ ಹೊಸದರಲ್ಲಿ ಅಜ್ಜಿಯ ಮಾತು ಮನೆಗೆ, ಪುಸ್ತಕದ ಮಾತು ಶಾಲೆಗೆ ಎಂಬ ಗೆರೆ ನನ್ನೊಳಗೆ ಗಟ್ಟಿಯಾಗಿ ಎಳೆದಿತ್ತು. ಆ ಹುಡುಗಿ ಅಳಲಿಲ್ಲ, ಮುನಿಸಿಕೊಳ್ಳಲಿಲ್ಲ. ಅಂದಿನಿಂದ ಅವಳ ಪ್ರಬಂಧಗಳೂ ‘ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು’ ಎಂದೇ ಶುರುವಾದವು, ಅಷ್ಟೆ. ಒಳ್ಳೆಯ ಅಂಕಗಳೂ ಬಂದವು. ನಾನು ಅದನ್ನು ಸುಧಾರಣೆ ಎಂದೇ ತಿಳಿದೆ.

2018ರಲ್ಲಿ ಪೋಷಕರ ಸಭೆಗೆ ಒಬ್ಬ ತಾಯಿ ಬಂದಳು. ಎಂಟನೆಯ ತರಗತಿಯ ಹುಡುಗನ ತಾಯಿ. ಮುಖ ಗುರುತು ಹತ್ತಿತು. ಮಾವಿನ ತೋಟದ ಅದೇ ಹುಡುಗಿ. ಗಂಡ ದುಬೈಯಲ್ಲಿ ಡ್ರೈವರ್, ಮನೆ ತೋಟ ಎಲ್ಲ ಇವಳದೇ ಉಸ್ತುವಾರಿ. ಆ ವರ್ಷದ ಫಸಲು ಹೇಗೆ ಎಂದು ಕೇಳಿದೆ. ‘ಎಲ್ಲಿ ಮೇಡಂ, ತೋತಾಪುರಿಗೆ ರೇಟೇ ಇಲ್ಲ, ಕಿತ್ತ ಕೂಲಿ ಕಳೆದರೆ ದಮ್ಮಡಿ...’ ಎಂದವಳು ತಟ್ಟನೆ ನಿಂತಳು. ನನ್ನ ಮುಖ ನೋಡಿದಳು. ‘ತಪ್ಪಾಯ್ತು ಮೇಡಂ, ಬಿಡಿಗಾಸೂ ಉಳಿಯಲ್ಲ’ ಎಂದಳು.

ಇಪ್ಪತ್ತೆರಡು ವರ್ಷ. ಅವಳಿಗೆ ನಾನು ಕಲಿಸಿದ ಸಂಧಿ ಸಮಾಸಗಳು ನೆನಪಿವೆಯೋ ಇಲ್ಲವೋ, ಆ ಕೆಂಪು ಸುತ್ತು ಮಾತ್ರ ನೆನಪಿತ್ತು. ಅಂದು ರಾತ್ರಿ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ಆ ಮಾತನ್ನು ತಪ್ಪು ಎನ್ನುವ ಮುಂಚೆ ಅದು ಎಲ್ಲಿಂದ ಬಂತೆಂದು ನಾನು ಒಂದು ದಿನವೂ ನೋಡಿರಲಿಲ್ಲವಲ್ಲ ಎನ್ನಿಸಿತು. ಮರುವಾರವೇ ಕೋಲಾರದ ಗ್ರಂಥಾಲಯಕ್ಕೆ ಹೋದೆ. ಅಲ್ಲಿಂದ ಶುರುವಾದ ಹುಡುಕಾಟ ನನ್ನನ್ನು ಎಲ್ಲೆಲ್ಲಿಗೋ ಎಳೆದುಕೊಂಡು ಹೋಯಿತು.

ಮೊದಲ ಮೆಟ್ಟಿಲು ಸುಲಭ. ನಮ್ಮ ದಮ್ಮಡಿ, ತೆಲುಗಿನ ದಮ್ಮಿಡಿ ಎರಡೂ ಹಿಂದೂಸ್ತಾನಿಯ ‘ದಮಡಿ’ಯಿಂದ ಬಂದವು. ‘ಚಮಡಿ ಹೋದರೂ ದಮಡಿ ಹೋಗಬಾರದು’ ಎಂದು ಜಿಪುಣರನ್ನು ಕುರಿತು ಉತ್ತರದವರು ಆಡುವ ಗಾದೆಯನ್ನು ನೀವೂ ಕೇಳಿರಬಹುದು. ದಮಡಿ ಎಂದರೆ ಚಿಕ್ಕ ದಾಮು. ದಾಮು ಎಂಬುದು ಅಕ್ಬರನ ಕಾಲದ ತಾಮ್ರದ ನಾಣ್ಯ, ತೂಕ ಸುಮಾರು 21 ಗ್ರಾಂ. ರೂಪಾಯಿಗೆ 40 ದಾಮು ಎಂದು ಅಬುಲ್ ಫಜಲ್ ಐನ್-ಇ-ಅಕ್ಬರಿಯಲ್ಲಿ ಲೆಕ್ಕ ಕೊಟ್ಟಿದ್ದಾನೆ. ದಾಮಿನ ಎಂಟನೆಯ ಒಂದು ಪಾಲು ದಮಡಿ. ಅಕ್ಬರನ ರೂಪಾಯಿಗೆ ಹೀಗೆ 320 ದಮಡಿ ಆಯಿತು. ಹಿಂದಿಯಲ್ಲಿ ಬೆಲೆಗೆ ‘ದಾಮ್’ ಎನ್ನುವುದೂ ಇದೇ ಮಾತು.

ಉತ್ತರದ ಕಚೇರಿಯ ಮಾತುಗಳಿಗೆ ನಮ್ಮ ಕಡೆ ದಾರಿ ಬಹಳ ಹಿಂದೆಯೇ ತೆರೆದಿತ್ತು. ಕೋಲಾರ ಹದಿನೇಳನೆಯ ಶತಮಾನದಲ್ಲಿ ಬಿಜಾಪುರದವರ ಕೈಸೇರಿ, ಷಹಾಜಿಯ ಜಹಗೀರಿಯಾಗಿ, 1687ರ ನಂತರ ಮೊಗಲರ ಶಿರಾ ಸುಬೆಯ ಒಂದು ಪರಗಣವಾಯಿತು. ಹೈದರಾಲಿಯ ತಂದೆ ಫತೆ ಮಹಮ್ಮದ್ ಶಿರಾ ನವಾಬರ ಕೆಳಗೆ ಇಲ್ಲಿ ಫೌಜುದಾರನಾಗಿದ್ದ. ಅವನ ಗೋರಿ ಇಂದಿಗೂ ಕೋಲಾರ ಪೇಟೆಯಲ್ಲಿದೆ. ಹೈದರ್ ಹುಟ್ಟಿದ್ದು ಪಕ್ಕದ ಬೂದಿಕೋಟೆಯಲ್ಲಿ. ಪರಗಣ, ಕಚೇರಿ, ಜಮಾಬಂದಿ, ಅಮಲ್ದಾರ ಇವೆಲ್ಲ ನಮ್ಮ ಹಳ್ಳಿಯ ಬಾಯಿಗೆ ಬಂದದ್ದು ಇಂಥ ಆಳ್ವಿಕೆಗಳ ಜೊತೆಗೆ. ದಮ್ಮಡಿಯೂ ಈ ಗುಂಪಿನದೇ.

ಇಲ್ಲಿಗೇ ನಿಂತಿದ್ದರೆ ‘ಸರಿ, ಅದೊಂದು ಹಿಂದೂಸ್ತಾನಿ ಮಾತು’ ಎಂದು ಪುಸ್ತಕ ಮುಚ್ಚುತ್ತಿದ್ದೆ. ಆದರೆ ದಾಮಿಗೂ ಒಬ್ಬ ತಾತ ಇದ್ದಾನೆ. ಅವನ ಹೆಸರು ‘ದ್ರಮ್ಮ’. ರಾಷ್ಟ್ರಕೂಟರ ಕಾಲದ ಶಾಸನಗಳಲ್ಲಿ ಗದ್ಯಾಣದ ಜೊತೆಗೆ ದ್ರಮ್ಮವೂ ಬರುತ್ತದೆ. ಲೆಕ್ಕದ ಮೇಷ್ಟರುಗಳಿಗೆ ಇದು ಇನ್ನೂ ಹತ್ತಿರದ್ದು. ಭಾಸ್ಕರಾಚಾರ್ಯನ ‘ಲೀಲಾವತಿ’ ರಚನೆಯಾದದ್ದು 1150ರ ಸುಮಾರಿಗೆ. ಅದರ ಆರಂಭದಲ್ಲೇ ನಾಣ್ಯಗಳ ಕೋಷ್ಟಕವಿದೆ. 20 ಕವಡೆಗೆ ಒಂದು ಕಾಕಿಣಿ, 4 ಕಾಕಿಣಿಗೆ ಒಂದು ಪಣ, 16 ಪಣಕ್ಕೆ ಒಂದು ದ್ರಮ್ಮ, 16 ದ್ರಮ್ಮಕ್ಕೆ ಒಂದು ನಿಷ್ಕ. ಗುಣಿಸಿ ನೋಡಿದರೆ ಒಂದು ದ್ರಮ್ಮಕ್ಕೆ 1280 ಕವಡೆ. ಆಗಿನ್ನೂ ಅದು ದಮ್ಮಡಿಯ ಸ್ಥಿತಿಗೆ ಇಳಿದಿರಲಿಲ್ಲ, ಮರ್ಯಾದೆಯ ಹಣವಾಗಿತ್ತು.

ಆ ದ್ರಮ್ಮ ಸಂಸ್ಕೃತದ ಧಾತುವಿನಿಂದ ಹುಟ್ಟಿದ ಮಾತಲ್ಲ. ಅದು ಗ್ರೀಕರ ‘ದ್ರಖ್ಮೆ’. ಇಂಗ್ಲಿಷಿನಲ್ಲಿ ಡ್ರಾಕ್ಮಾ ಎನ್ನುವ ಅದೇ ಬೆಳ್ಳಿಯ ನಾಣ್ಯ. ಅಲೆಗ್ಸಾಂಡರನ ನಂತರ ವಾಯವ್ಯ ಭಾರತದಲ್ಲಿ ಆಳಿದ ಯವನ ದೊರೆಗಳು ಈ ಬೆಳ್ಳಿಯ ಹಣವನ್ನು ಅಚ್ಚು ಹಾಕಿಸಿದರು. ಬೌದ್ಧ ಗ್ರಂಥ ಮಿಲಿಂದಪನ್ಹದಲ್ಲಿ ನಾಗಸೇನನನ್ನು ಪ್ರಶ್ನೆ ಕೇಳುವ ದೊರೆ ಮಿಲಿಂದ ಬೇರೆ ಯಾರೂ ಅಲ್ಲ, ಕ್ರಿಸ್ತಪೂರ್ವ ಎರಡನೆಯ ಶತಮಾನದ ಗ್ರೀಕ್ ದೊರೆ ಮೆನಾಂಡರ್. ಅವನ ನಾಣ್ಯದ ಒಂದು ಮಗ್ಗುಲಲ್ಲಿ ಗ್ರೀಕ್ ಅಕ್ಷರ, ಇನ್ನೊಂದು ಮಗ್ಗುಲಲ್ಲಿ ಖರೋಷ್ಠಿ ಲಿಪಿಯ ಪ್ರಾಕೃತ. ಎರಡು ಭಾಷೆಯ ಜನ ಒಂದೇ ಸಂತೆಗೆ ಬಂದಾಗ ಹಣ ಎರಡು ಭಾಷೆಯಲ್ಲಿ ಮಾತನಾಡಲೇಬೇಕು. ಕ್ರಿಸ್ತಶಕ ಮೊದಲನೆಯ ಶತಮಾನದಲ್ಲಿ ಒಬ್ಬ ಗ್ರೀಕ್ ನಾವಿಕ ಬರೆದ ‘ಪೆರಿಪ್ಲಸ್’ ಎಂಬ ಸಮುದ್ರಯಾನದ ಪುಸ್ತಕದಲ್ಲಿ, ಭರೂಚಿನ ಬಂದರಿನಲ್ಲಿ ಮೆನಾಂಡರನ ಹಳೆಯ ದ್ರಖ್ಮೆಗಳು ಇನ್ನೂ ಚಲಾವಣೆಯಲ್ಲಿವೆ ಎಂಬ ಮಾತಿದೆ. ದೊರೆ ಸತ್ತು ಇನ್ನೂರು ವರ್ಷವಾದರೂ ಅವನ ಹಣ ಸತ್ತಿರಲಿಲ್ಲ.

‘ದ್ರಖ್ಮೆ’ ಹೇಗೆ ‘ದಮ್ಮ’ವಾಗುತ್ತದೆ ಎಂದು ಕೇಳುವವರಿಗೆ ಕನ್ನಡ ಮೇಡಂ ಆಗಿ ಉತ್ತರ ಹೇಳಬಲ್ಲೆ. ತತ್ಸಮ ತದ್ಭವ ಪಾಠದಲ್ಲಿ ನಾವು ‘ಬ್ರಹ್ಮ - ಬೊಮ್ಮ’ ಎಂದು ಬಾಯಿಪಾಠ ಮಾಡಿಸುತ್ತೇವಲ್ಲ, ಅದೇ ದಾರಿ. ಬ್ರ ಹೋಗಿ ಬ ಬಂತು, ಹ್ಮ ಕರಗಿ ಮ್ಮ ಆಯಿತು. ಇಲ್ಲಿ ದ್ರ ಹೋಗಿ ದ ಬಂತು, ಖ್ಮ ಕರಗಿ ಮ್ಮ ಆಯಿತು. ಬೊಮ್ಮನನ್ನು ಪಠ್ಯದಲ್ಲಿ ಕೂರಿಸಿ ಅಂಕ ಕೊಡುವ ನಾನು, ಅದೇ ನಿಯಮದಂತೆ ನಡೆದು ಬಂದ ದಮ್ಮಡಿಗೆ ಅಂಕ ಕಳೆದಿದ್ದೆ.

ಆ ದಿನಗಳಲ್ಲಿ ಲ್ಯಾಟಿನ್ ಓದಿದ್ದ ಒಬ್ಬ ಹಿರಿಯ ಪಾದ್ರಿಗಳ ಪರಿಚಯವಾಯಿತು. ನನ್ನ ದಮ್ಮಡಿಯ ವಿಷಯ ಕೇಳಿ ಅವರು ನಕ್ಕು, ‘ರೋಮಿನವರಿಗೂ ಇದೇ ಪಾಡಾಗಿತ್ತಮ್ಮ’ ಎಂದು ಒಂದು ಸಂಗತಿ ಹೇಳಿದರು. ಕ್ರಿಸ್ತಪೂರ್ವ 184ರಲ್ಲಿ ತೀರಿಕೊಂಡ ಪ್ಲಾಟಸ್ ಎಂಬ ರೋಮನ್ ನಾಟಕಕಾರ ಗ್ರೀಕ್ ನಾಟಕಗಳನ್ನು ಲ್ಯಾಟಿನ್ನಿಗೆ ಇಳಿಸಿಕೊಂಡು ಜನರನ್ನು ನಗಿಸಿದವನು. ಅವನ ಪಾತ್ರಗಳು ಆಳುಗಳು, ಅಡುಗೆಯವರು, ಸಾಲಗಾರರು. ಅವರು ಆಡುವುದು ಪೇಟೆಯ ಬೀದಿಯ ಮಾತು. ಆ ಬಾಯಿಗಳಿಗೆ ಗ್ರೀಕಿನ ಖ್ಮ ಎಂಬ ಒತ್ತಕ್ಷರ ಹೊರಳಲಿಲ್ಲ. ನಡುವೆ ಒಂದು ಉಕಾರ ಸೇರಿಸಿಕೊಂಡು ದ್ರಖ್ಮೆಯನ್ನು ‘ದ್ರಖುಮ’ ಎಂದರು. ಆಲ್ಕ್‌ಮೇನೆ ಎಂಬ ರಾಣಿ ಆಲ್ಕುಮೇನ ಆದಳು. ಕುಶಲ ಕಲೆ ಎಂಬ ಅರ್ಥದ ‘ತೆಖ್ನೆ’, ನಾವು ಇಂದು ಟೆಕ್ನಿಕ್ ಎನ್ನುವುದರ ಮೂಲ, ಅವರ ಬಾಯಲ್ಲಿ ‘ತೆಖಿನ’ ಆಗಿ, ಆಳು ಒಡೆಯನಿಗೆ ಮಾಡುವ ಮೋಸ, ತಂತ್ರ ಎಂಬ ಅರ್ಥಕ್ಕೆ ತಿರುಗಿತು. ಆ ತೆಖಿನ ಹಾಸ್ಯ ನಾಟಕಗಳ ಆಚೆಗೆ ಕಾಣುವುದೇ ಅಪರೂಪವಂತೆ.

ನಮಗೆ ಇದು ವಿಚಿತ್ರವಲ್ಲ. ಭಕ್ತಿ ನಮ್ಮ ದಾಸರ ಬಾಯಲ್ಲಿ ಬಕುತಿ ಆಗಲಿಲ್ಲವೆ? ಮುಕ್ತಿ ಮುಕುತಿ, ರತ್ನ ರತುನ ಆಗಲಿಲ್ಲವೆ? ಒತ್ತನ್ನು ಬಿಡಿಸಿ ನಡುವೆ ಒಂದು ಸ್ವರ ಇಟ್ಟರೆ ಬಾಯಿಗೆ ಹಿತ. ಈ ಕೆಲಸ ತುಂಗಭದ್ರೆಯ ದಡದಲ್ಲೂ ಒಂದೇ, ರೋಮಿನ ಟೈಬರ್ ಹೊಳೆಯ ದಡದಲ್ಲೂ ಒಂದೇ.

ಪಾದ್ರಿಗಳು ಹೇಳಿದ ಮುಂದಿನ ಮಾತು ನನ್ನ ಎದೆಗೆ ನಾಟಿತು. ಮುಂದಿನ ಕಾಲದ ಓದಿದವರ ಲ್ಯಾಟಿನ್ನಿನಲ್ಲಿ ಗ್ರೀಕ್ ಉಚ್ಚಾರಕ್ಕೆ ಹತ್ತಿರವಾದ ‘ದ್ರಖ್ಮ’ವೇ ಶುದ್ಧ ಎನಿಸಿತು. ಪ್ಲಾಟಸನ ನಾಟಕಗಳನ್ನು ಕೈಬರಹದಲ್ಲಿ ನಕಲು ಮಾಡಿದವರು ಎಷ್ಟೋ ಕಡೆ ಅವನ ದ್ರಖುಮವನ್ನು ತಪ್ಪೆಂದು ಭಾವಿಸಿ ದ್ರಖ್ಮ ಎಂದು ತಿದ್ದಿ ಬರೆದರು. ಆದರೆ ಆ ನಾಟಕಗಳು ಪದ್ಯದಲ್ಲಿವೆ. ತಿದ್ದಿದ ಕಡೆ ಒಂದು ಅಕ್ಷರ ಕಡಿಮೆಯಾಗಿ ಛಂದಸ್ಸು ಕುಂಟಿತು. ಸಾವಿರಾರು ವರ್ಷಗಳ ಮೇಲೆ, ಹತ್ತೊಂಬತ್ತನೆಯ ಶತಮಾನದಲ್ಲಿ, ಜರ್ಮನ್ ವಿದ್ವಾಂಸರು ಪ್ರಸ್ತಾರ ಹಾಕಿ ನೋಡಿದಾಗ ಇಲ್ಲಿ ಒಂದು ಸ್ವರ ಇದ್ದಿರಲೇಬೇಕು ಎಂದು ಗೊತ್ತಾಯಿತು. ಬೀದಿಯ ಮಾತನ್ನು ಮತ್ತೆ ಅದರ ಜಾಗದಲ್ಲಿ ಕೂರಿಸಿದರು. ತಿದ್ದಿದವರು ಕೆಟ್ಟವರಲ್ಲ, ಶ್ರದ್ಧೆಯಿಂದ ಕೆಲಸ ಮಾಡಿದವರೇ. ಕೆಂಪು ಶಾಯಿ ಹಿಡಿದ ನನ್ನಂಥವರು. ಛಂದಸ್ಸು ಇದ್ದದ್ದರಿಂದ ಪ್ಲಾಟಸನ ಮಾತು ಉಳಿಯಿತು. ಒಂಬತ್ತನೆಯ ತರಗತಿಯ ಹುಡುಗಿಯ ಗದ್ಯಕ್ಕೆ ಅಂಥ ಕಾವಲು ಇರಲಿಲ್ಲ.

ಇಷ್ಟು ತಿಳಿದ ಉತ್ಸಾಹದಲ್ಲಿ ನಾನು ಸ್ವಲ್ಪ ದಿನ ಕಂಡ ಕಂಡ ಮಾತನ್ನೆಲ್ಲ ಗ್ರೀಸಿಗೆ ಕಳುಹಿಸತೊಡಗಿದ್ದೆ. ಆ ಚಪಲದಿಂದ ಓದುಗರು ದೂರವಿರಬೇಕು. ಸದ್ದು ಒಂದೇ ಆದ ಮಾತ್ರಕ್ಕೆ ನೆಂಟಸ್ತಿಕೆ ಆಗುವುದಿಲ್ಲ. ‘ದಮ್ಮಯ್ಯ, ಹೊಡೀಬೇಡಿ’ ಎನ್ನುವಾಗಿನ ದಮ್ಮ ನಾಣ್ಯದ್ದಲ್ಲ, ಅದು ಧರ್ಮ. ‘ದಮ್ಮು ಕಟ್ಟಿತು’ ಎನ್ನುವಾಗಿನ ದಮ್ಮು ಪಾರಸಿಯ ಉಸಿರು. ಇಂಗ್ಲಿಷರು ಉಪೇಕ್ಷೆಯಿಂದ ‘ಐ ಡೋಂಟ್ ಗಿವ್ ಎ ಡ್ಯಾಮ್’ ಎನ್ನುವುದು ನಮ್ಮ ದಾಮಿನಿಂದ ಬಂದದ್ದೆಂದು ಒಂದು ಕಾಲಕ್ಕೆ ಹೇಳುತ್ತಿದ್ದರು. ನಿಘಂಟುಕಾರರು ಅದನ್ನು ಒಪ್ಪಿಲ್ಲ, ಅದು ಶಾಪದ ಡ್ಯಾಮ್. ಚರಿತ್ರೆ ಕೈಗೆ ಸಿಕ್ಕ ಕಡೆ ಮಾತ್ರ ನೆಂಟಸ್ತಿಕೆ ಹೇಳಬೇಕು. ದ್ರಖ್ಮೆ, ದ್ರಮ್ಮ, ದಾಮು, ದಮಡಿ, ದಮ್ಮಡಿ - ಈ ಸರಪಣಿಯ ಕೊಂಡಿಗಳಿಗೆ ನಾಣ್ಯಗಳ, ಗ್ರಂಥಗಳ ಆಧಾರವಿದೆ.

ಇನ್ನು ನಾನು ‘ಶುದ್ಧ’ವೆಂದು ಬರೆಸಿದ ಬಿಡಿಗಾಸಿನ ಕಾಸು? ಅದೂ ಮನೆಯಲ್ಲೇ ಕೂತ ಮಾತಲ್ಲ. ದಕ್ಷಿಣದ ಕಾಸು ಪೋರ್ಚುಗೀಸರ ಬಾಯಿಗೆ ಬಿದ್ದು, ಅವರಿಂದ ಇಂಗ್ಲಿಷರಿಗೆ ಹೋಗಿ, ಸಣ್ಣ ನಾಣ್ಯ ಎಂಬರ್ಥದ ‘ಕ್ಯಾಷ್’ ಆಯಿತು. ನಗದು ಎಂಬರ್ಥದ ಕ್ಯಾಷ್ ಬೇರೆ, ಅದು ಹಣದ ಪೆಟ್ಟಿಗೆಯಿಂದ ಬಂದದ್ದು. ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ನಾಣ್ಯದ ಮೇಲೆ ಕನ್ನಡದಲ್ಲಿ ‘ಮಯಿಲಿ ಕಾಸು ಇಪ್ಪತ್ತು’ ಎಂದೂ, ಇಂಗ್ಲಿಷಿನಲ್ಲಿ ಇಪ್ಪತ್ತು ಕ್ಯಾಷ್ ಎಂದೂ ಇದೆ. ಚೀನಾದ ತೂತುಳ್ಳ ನಾಣ್ಯಕ್ಕೂ ಇಂಗ್ಲಿಷರು ಕ್ಯಾಷ್ ಎಂದೇ ಹೆಸರಿಟ್ಟರು. ಒಂದು ಮಾತು ನಮ್ಮಿಂದ ಹೊರಗೆ ಹೋಯಿತು, ಇನ್ನೊಂದು ಹೊರಗಿನಿಂದ ನಮ್ಮಲ್ಲಿಗೆ ಬಂತು. ಹೋದದ್ದನ್ನು ಹೆಮ್ಮೆಯಿಂದ ಹೇಳಿ, ಬಂದದ್ದನ್ನು ಬಾಗಿಲಲ್ಲೇ ನಿಲ್ಲಿಸುವುದು ಯಾವ ನ್ಯಾಯ?

ದಮ್ಮಡಿಯ ಹೊಟ್ಟೆಯೊಳಗಿನ ಅರ್ಥ ತಿಳಿದಾಗ ಮಾತ್ರ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತುಬಿಟ್ಟೆ. ಗ್ರೀಕ್ ಭಾಷೆಯಲ್ಲಿ ದ್ರಖ್ಮೆ ಎಂದರೆ ಹಿಡಿ, ಮುಷ್ಟಿ. ನಾಣ್ಯ ಬರುವ ಮುಂಚೆ ಅಲ್ಲಿ ಕಬ್ಬಿಣದ ಸಲಾಕಿಗಳೇ ಹಣವಾಗಿದ್ದವು. ಒಂದು ಸಲಾಕಿ ಒಂದು ಒಬೊಲ್. ಅಂಥ ಆರು ಸೇರಿದರೆ ಒಂದು ಕೈಹಿಡಿ, ಅದೇ ದ್ರಖ್ಮೆ. ಆಮೇಲೆ ಬೆಳ್ಳಿಯ ನಾಣ್ಯ ಬಂದಾಗಲೂ ಆರು ಒಬೊಲಿಗೆ ಒಂದು ದ್ರಖ್ಮೆ ಎಂಬ ಲೆಕ್ಕ ಉಳಿಯಿತು. ಅಥೆನ್ಸಿನಲ್ಲಿ ಕ್ರಿಸ್ತಪೂರ್ವ ಐದನೆಯ ಶತಮಾನದ ಕೊನೆಯಲ್ಲಿ ಎರೆಕ್ತಿಯಮ್ ಎಂಬ ದೇವಾಲಯವನ್ನು ಕಟ್ಟಿದಾಗಿನ ಖರ್ಚಿನ ಲೆಕ್ಕವನ್ನು ಕಲ್ಲಿನ ಮೇಲೆ ಕೆತ್ತಿಟ್ಟಿದ್ದಾರೆ. ಅದರ ಪ್ರಕಾರ ಕಲ್ಲುಕುಟಿಗನ ಒಂದು ದಿನದ ಕೂಲಿ ಒಂದು ದ್ರಖ್ಮೆ. ಊರಿನ ಪ್ರಜೆಗೂ ಅಷ್ಟೇ, ಪರದೇಶಿಗೂ ಅಷ್ಟೇ, ಗುಲಾಮನ ಹೆಸರಿನಲ್ಲೂ ಅಷ್ಟೇ.

ಕೈತುಂಬ ಹಿಡಿಯಷ್ಟು, ಒಂದು ದಿನದ ಪೂರ್ತಿ ಕೂಲಿ. ಬೆಳ್ಳಿಯಿಂದ ತಾಮ್ರಕ್ಕೆ ಇಳಿದು, ತಾಮ್ರದಲ್ಲಿ ಎಂಟನೆಯ ಪಾಲಾಗಿ, ನಮ್ಮ ಅಜ್ಜಿಯ ಹತ್ತಿರ ಬರುವ ಹೊತ್ತಿಗೆ ‘ಅಷ್ಟೂ ಇಲ್ಲ’ ಎನ್ನುವುದಕ್ಕೆ ಮಾತ್ರ ಬಳಕೆಯಾಗುವ ಮಾತಾಯಿತು. ಮಣ್ಣು ಹೊತ್ತು ದಿನಗೂಲಿ ಎಣಿಸಿದ ಅಜ್ಜಿಗೆ ತಾನು ಬೈಯುವ ಮಾತಿನೊಳಗೆ ಒಂದು ದಿನಗೂಲಿ ಅಡಗಿದೆ ಎಂದು ಗೊತ್ತಿರಲಿಲ್ಲ. ಆದರೂ ಎರಡೂವರೆ ಸಾವಿರ ವರ್ಷ ನಡೆದು ಬಂದ ಆ ಮಾತನ್ನು ನನ್ನ ಕೈಗೆ ದಾಟಿಸಿದವಳು ಅವಳೇ. ಅದನ್ನು ಮುಂದಿನವರಿಗೆ ದಾಟಿಸುವ ಸರದಿ ನನ್ನದಿತ್ತು. ನಾನು ಸುತ್ತು ಹಾಕಿದೆ.

ಈ ಕುಟುಂಬದ ಬೇರೆ ಮಕ್ಕಳು ಎಲ್ಲೆಲ್ಲಿದ್ದಾರೆ ನೋಡಿ. ಹಳೆಯ ಆಸ್ಪತ್ರೆಗಳಲ್ಲಿ ಕಾಂಪೌಂಡರುಗಳು ಔನ್ಸು, ಡ್ರಾಮು ಎಂದು ಮದ್ದು ಅಳೆಯುತ್ತಿದ್ದರಲ್ಲ, ಆ ಡ್ರಾಮು ಲ್ಯಾಟಿನ್ನಿನ ದ್ರಖ್ಮವೇ. ಅರಬರ ದಿರ್ಹಮ್ ಕೂಡ ಪಾರಸಿಯ ಮೂಲಕ ಹೋದ ಅದೇ ದ್ರಖ್ಮೆ. ದುಬೈ ಸೇರಿರುವ ಅರಬ್ ಎಮಿರೇಟ್ಸಿನಲ್ಲಿ 1973ರಿಂದ ಅದೇ ಹೆಸರಿನ ಹಣ ನಡೆಯುತ್ತಿದೆ. ಗ್ರೀಸಿನಲ್ಲೇ ದ್ರಖ್ಮೆ ಇಲ್ಲ. 2002ರಲ್ಲಿ ಅಲ್ಲಿ ಯೂರೋ ನೋಟು ನಾಣ್ಯಗಳು ಬಂದ ಮೇಲೆ ಅದು ಚಲಾವಣೆಯಿಂದ ಹೋಯಿತು. ತವರಿನಲ್ಲಿ ಮುಗಿದ ಹೆಸರು ಶ್ರೀನಿವಾಸಪುರದ ಮಾವಿನ ತೋಟದಲ್ಲಿ ಒಬ್ಬ ಹೆಂಗಸಿನ ಬಾಯಲ್ಲಿ ಉಳಿದಿತ್ತು.

2019ರ ಮಾವಿನ ಸುಗ್ಗಿಯಲ್ಲಿ ನಾನು ಅವಳ ಮನೆಗೆ ಹೋದೆ. ಜಗಲಿಯ ಮೇಲೆ ಕೂತು ಈ ಕಥೆಯನ್ನೆಲ್ಲ ಹೇಳಿದೆ. ಮಿಲಿಂದನ ಬೆಳ್ಳಿಯ ಹಣ, ರೋಮಿನ ನಾಟಕ, ಲೀಲಾವತಿಯ ಲೆಕ್ಕ, ಯಾವುದನ್ನೂ ಬಿಡಲಿಲ್ಲ. ಅವಳು ಹಣ್ಣು ವಿಂಗಡಿಸುತ್ತ ಕೇಳುತ್ತಿದ್ದಳು. ಗಂಡ ಕಳಿಸುವ ದಿರ್ಹಮ್ಮೂ ತನ್ನ ದಮ್ಮಡಿಯೂ ಒಂದೇ ಬಳ್ಳಿಯವು ಎಂದಾಗ ಮಾತ್ರ ಕೈ ನಿಲ್ಲಿಸಿ ‘ಹೌದಾ ಮೇಡಂ?’ ಎಂದಳು. ಕೊನೆಗೆ ನಾನು, ‘ಅವತ್ತು ನೀನು ಬರೆದದ್ದು ಸರಿಯಾಗಿತ್ತು, ತಿದ್ದಿದ ನಾನೇ ತಪ್ಪು’ ಎಂದೆ. ಇಷ್ಟು ಚಿಕ್ಕ ವಾಕ್ಯವನ್ನು ಹೇಳಲು ನನಗೆ ಅಷ್ಟು ದೊಡ್ಡ ಚರಿತ್ರೆ ಬೇಕಾಯಿತು.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ನಕ್ಕಳು. ‘ಅರ್ಧ ಮಾರ್ಕು ಕಳೆದಿದ್ರಿ ಮೇಡಂ’ ಎಂದಳು.

‘ಈಗ ಕೊಟ್ಟರೆ ಏನು ಪ್ರಯೋಜನ?’ ಎಂದೆ.

‘ದಮ್ಮಡಿ ಪ್ರಯೋಜನ ಇಲ್ಲ. ಆದರೂ ಕೊಡಿ’ ಎಂದಳು.

ಅವಳ ಮಗನ ಕನ್ನಡ ನೋಟ್‌ಬುಕ್ಕು ಅಲ್ಲೇ ಕಿಟಕಿಯಲ್ಲಿತ್ತು. ಅದರ ಹಿಂದಿನ ಹಾಳೆಯಲ್ಲಿ ಅವಳ ಹೆಸರು, 1996, ಒಂಬತ್ತನೆಯ ತರಗತಿ ಎಂದು ಬರೆದು, ಅರ್ಧ ಅಂಕ ಕೊಟ್ಟು ಸಹಿ ಹಾಕಿದೆ. ಅಂದಿನಿಂದ ಮಕ್ಕಳ ಪ್ರಬಂಧ ತಿದ್ದುವಾಗ ನನಗೆ ಗೊತ್ತಿಲ್ಲದ ಮಾತು ಕಂಡರೆ ಸುತ್ತು ಹಾಕುವುದಿಲ್ಲ. ಪಕ್ಕದಲ್ಲಿ ಪೆನ್ಸಿಲಿನಿಂದ ‘ಇದನ್ನು ಮನೆಯಲ್ಲಿ ಯಾರು ಆಡುತ್ತಾರೆ? ಕೇಳಿಕೊಂಡು ಬಾ’ ಎಂದು ಬರೆಯುತ್ತೇನೆ.